ಎರಡು ಪಕ್ಷಗಳ ನಾಡಿಗೆ ಮೂರನೆಯದು ಬೇಕೆ?

ನಮ್ಮ ಬಂಧುವರ್ಗದ ತರುಣನೊಬ್ಬ ಅಮೆರಿಕದಲ್ಲಿ ನೆಲೆಸಿ ಹದಿನೈದು ವರ್ಷಗಳಾದವು. ಅಲ್ಲಿಯ ಪೌರತ್ವವನ್ನು ಪಡೆದ ಮೇಲೆ 2024ರ ನವೆಂಬರಿನಲ್ಲಿ ಆತ ಮೊದಲ ಸಲ ಆ ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ಮತ ನೀಡಿದನು. ಮುಂದೆ ರಜೆಗೆಂದು ಊರಿಗೆ ಬಂದಾಗ, ರಾತ್ರಿಯ ಊಟ ಮುಗಿದು ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ, ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ನಮ್ಮ ಮುಂದಿಟ್ಟನು.

“ಕಾಕಾ, ಆ ಇಬ್ಬರಾಗ ಒಬ್ಬರೂ ನನ್ನ ಮನಸ್ಸಿಗೆ ಬರಲಿಲ್ಲ. ಮೂರನೇ ಪಕ್ಷಕ್ಕ ವೋಟು ಹಾಕಿದೆ. ಅಲ್ಲಿಯ ನಮ್ಮ ಕನ್ನಡದ ಗೆಳೆಯರೆಲ್ಲ, ‘ಹೊಳಿಯಾಗ ಹುಣಸಿಹಣ್ಣು ಕಿವುಚಿದಂಗ ಆತು ನಿನ್ನ ವೋಟು’ ಅಂತ ನಕ್ಕರು. ನಾ ಮಾಡಿದ್ದು ತಪ್ಪೇನ್ರಿ?”

ಆ ರಾತ್ರಿ ನಾವು ಸರಿಯಾದ ಉತ್ತರ ಕೊಡಲಾಗಲಿಲ್ಲ. ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಎರಡೇ ಪಕ್ಷಗಳು ಶತಮಾನಗಳಿಂದ ಬೇರೂರಿ ನಿಂತ ನಾಡಿನಲ್ಲಿ ಮೂರನೆಯ ಪಕ್ಷಕ್ಕೆ ಅರ್ಥವುಂಟೆ? ಗೆಲ್ಲದ ಪಕ್ಷಕ್ಕೆ ಕೊಟ್ಟ ಮತ ವ್ಯರ್ಥವೆ? ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಆ ದೇಶದ ಮತದಾರರಾಗಿರುವುದರಿಂದ ಈ ವಿಚಾರವನ್ನು ವಾಚಕ ಬಂಧುಗಳೊಡನೆ ಕುಳಿತು ಆಲೋಚಿಸುವುದು ಉಚಿತವೆಂದು ಭಾವಿಸಿದ್ದೇವೆ.

ಎರಡೇ ಏಕೆ?

ಅಮೆರಿಕದ ಸಂವಿಧಾನದಲ್ಲಿ ಪಕ್ಷಗಳ ಮಾತೇ ಇಲ್ಲ. ಎರಡೇ ಪಕ್ಷಗಳಿರಬೇಕೆಂಬ ಕಾನೂನೂ ಇಲ್ಲ. ಆದರೂ 1853ರಿಂದ ಈಚೆಗೆ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳ ಹೊರಗಿನವರಾರೂ ಅಲ್ಲಿ ಅಧ್ಯಕ್ಷರಾಗಿಲ್ಲ. ಇದಕ್ಕೆ ಮುಖ್ಯ ಕಾರಣ ಮತ ಎಣಿಸುವ ರೀತಿ. ಒಂದು ಕ್ಷೇತ್ರದಲ್ಲಿ ಯಾರಿಗೆ ಉಳಿದವರೆಲ್ಲರಿಗಿಂತ ಒಂದು ಮತ ಹೆಚ್ಚು ಬಂದರೂ ಅವರೇ ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮ ಬಹುಪಾಲು ಚುನಾವಣೆಗಳಲ್ಲಿ ಇಲ್ಲ.

ಒಂದು ಊರಿನಲ್ಲಿ ನೂರು ಮತದಾರರಿದ್ದಾರೆಂದು ಇಟ್ಟುಕೊಳ್ಳೋಣ. ಅವರಲ್ಲಿ ಅರುವತ್ತು ಜನರಿಗೆ ಕೆರೆಯ ಹೂಳು ತೆಗೆಸಬೇಕು, ನಲವತ್ತು ಜನರಿಗೆ ಬೇಡ. ಹೂಳು ತೆಗೆಸುತ್ತೇವೆಂದು ಇಬ್ಬರು ನಿಂತು ಮೂವತ್ತೈದು, ಇಪ್ಪತ್ತೈದರಂತೆ ಮತ ಹಂಚಿಕೊಂಡರೆ, ಬೇಡವೆಂದವನು ನಲವತ್ತು ಮತಗಳಿಂದ ಗೆಲ್ಲುತ್ತಾನೆ. ಹೂಳು ಹೂಳಾಗಿಯೇ ಉಳಿಯುತ್ತದೆ. ಮುಂದಿನ ಸಲ ಆ ಅರುವತ್ತು ಜನ ಎಚ್ಚತ್ತು ಒಬ್ಬನ ಹಿಂದೆಯೇ ನಿಲ್ಲುತ್ತಾರೆ. ಮೂರನೆಯವನು ತಾನಾಗಿ ಕರಗುತ್ತಾನೆ. ಫ್ರಾನ್ಸಿನ ವಿದ್ವಾಂಸ ಮೋರಿಸ್ ದುವರ್ಜೆ 1951ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಒಲವನ್ನು ವಿವರಿಸಿದರು.

ನಮ್ಮ ಲೋಕಸಭೆ, ವಿಧಾನಸಭೆಗಳಿಗೂ ಇದೇ ಎಣಿಕೆಯಿದ್ದರೂ ನಮ್ಮಲ್ಲಿ ಪಕ್ಷಗಳು ಹಲವಿವೆಯಲ್ಲ ಎಂದು ವಾಚಕರು ಕೇಳಬಹುದು. ಒಂದೊಂದು ರಾಜ್ಯದಲ್ಲಿ ಒಂದೊಂದು ಜೋಡಿ ಪಕ್ಷಗಳು ಎದುರುಬದುರಾಗಿ ನಿಲ್ಲುವುದರಿಂದ ಒಟ್ಟು ದೇಶದಲ್ಲಿ ಅವುಗಳ ಸಂಖ್ಯೆ ಹೆಚ್ಚಿದೆ. ಅಮೆರಿಕದಲ್ಲಿ ಮಾತ್ರ ಐವತ್ತು ರಾಜ್ಯಗಳಲ್ಲಿಯೂ ಅದೇ ಎರಡು ಪಕ್ಷಗಳು.

ಏಳು ಸಾವಿರ ಮತಗಳ ಕಥೆ

ಎರಡು ಪಕ್ಷಗಳಿರುವುದರಿಂದ ಅನುಕೂಲಗಳಿಲ್ಲವೆಂದಲ್ಲ. ಸರಕಾರ ಸ್ಥಿರವಾಗಿರುತ್ತದೆ, ತಪ್ಪು ಮಾಡಿದವರು ಯಾರೆಂದು ಮತದಾರನಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಅಪಾಯ ಅಡಗಿದೆ. ಎರಡೂ ಪಕ್ಷಗಳಿಗೆ ಒಂದು ಪ್ರಶ್ನೆ ತೊಡಕೆನಿಸಿದರೆ, ಎರಡೂ ಸೇರಿ ಅದನ್ನು ಬದಿಗಿಟ್ಟುಬಿಡಬಹುದು. ಆಗ ಆ ಪ್ರಶ್ನೆಯಿಂದ ನೋಯುವ ಜನರಿಗೆ ದಿಕ್ಕಾರು?

ಇದು ಊಹೆಯ ಮಾತಲ್ಲ. 1840ರ ಸುಮಾರಿಗೆ ಅಮೆರಿಕದಲ್ಲಿ ಸುಮಾರು 25 ಲಕ್ಷ ಜನ ಗುಲಾಮರಾಗಿದ್ದರು. ತಾಯಿಯಿಂದ ಮಗುವನ್ನು ಅಗಲಿಸಿ ಸಂತೆಯಲ್ಲಿ ಮಾರುವ ಕಾಲ ಅದು. ಅಂದಿನ ಎರಡು ಪಕ್ಷಗಳಾದ ಡೆಮಾಕ್ರಟಿಕ್ ಮತ್ತು ವಿಗ್ ಪಕ್ಷಗಳಿಗೆ ಗುಲಾಮರಿದ್ದ ದಕ್ಷಿಣದ ರಾಜ್ಯಗಳಲ್ಲಿಯೂ, ಇಲ್ಲದ ಉತ್ತರದ ರಾಜ್ಯಗಳಲ್ಲಿಯೂ ಬೆಂಬಲಿಗರಿದ್ದರು. ಗುಲಾಮಗಿರಿಯ ಮಾತೆತ್ತಿದರೆ ಪಕ್ಷವೇ ಎರಡು ಹೋಳಾಗುವ ಭಯ. ಆದುದರಿಂದ ರಾಷ್ಟ್ರಮಟ್ಟದಲ್ಲಿ ಎರಡಕ್ಕೂ ಮೌನವೇ ಹಿತವಾಗಿತ್ತು. ಗುಲಾಮಗಿರಿಯ ವಿರುದ್ಧ ಜನರು ಕಳಿಸಿದ ಮನವಿಗಳನ್ನು ಚರ್ಚೆಯಿಲ್ಲದೆ ಬದಿಗಿಡಬೇಕೆಂದು ಪ್ರತಿನಿಧಿ ಸಭೆಯು 1836ರಲ್ಲಿ ನಿಯಮವನ್ನೇ ಮಾಡಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರು ಆ ಸಭೆಯ ಸದಸ್ಯರಾಗಿದ್ದು, ವರ್ಷಗಟ್ಟಲೆ ಹೋರಾಡಿದ ಮೇಲೆ 1844ರ ಕೊನೆಗೆ ಅದು ರದ್ದಾಯಿತು.

ಈ ಮೌನದ ನಡುವೆ 1840ರಲ್ಲಿ ಲಿಬರ್ಟಿ ಪಕ್ಷವೆಂಬ ಪುಟ್ಟ ಪಕ್ಷವೊಂದು ಹುಟ್ಟಿತು. ಅದರ ಅಭ್ಯರ್ಥಿ ಜೇಮ್ಸ್ ಬರ್ನಿ. ಒಂದು ಕಾಲಕ್ಕೆ ತಾವೇ ಗುಲಾಮರ ಒಡೆಯರಾಗಿದ್ದು, ಅದು ಪಾಪವೆಂದರಿತು ಅವರನ್ನು ಬಿಡುಗಡೆ ಮಾಡಿದವರು. ಇಡೀ ದೇಶದಲ್ಲಿ ಚಲಾವಣೆಯಾದ ಸುಮಾರು 24 ಲಕ್ಷ ಮತಗಳಲ್ಲಿ ಅವರಿಗೆ ದೊರೆತವು ಸುಮಾರು 7,000. ಜನ ನಕ್ಕಿರಬೇಕು. ಆದರೆ 1844ರಲ್ಲಿ ಅದು 62,000 ಆಯಿತು. 1848ರಲ್ಲಿ ಈ ಪಕ್ಷದವರೂ, ದೊಡ್ಡ ಪಕ್ಷಗಳಿಂದ ಬೇಸತ್ತು ಹೊರಬಂದವರೂ ಕೂಡಿ ಫ್ರೀ ಸಾಯಿಲ್ ಪಕ್ಷವನ್ನು ಕಟ್ಟಿದರು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದೆಂಬುದು ಅದರ ಮುಖ್ಯ ಬೇಡಿಕೆ. ಮಾಜಿ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರನ್ ಅದರ ಅಭ್ಯರ್ಥಿಯಾಗಿ ಶೇಕಡಾ 10ರಷ್ಟು ಮತ ಪಡೆದರು. ಓಹಾಯೊ ರಾಜ್ಯದ ಶಾಸನಸಭೆಯಲ್ಲಿ ದೊಡ್ಡ ಪಕ್ಷಗಳೆರಡಕ್ಕೂ ಬಹುಮತವಿಲ್ಲದಾಗ, ಈ ಪಕ್ಷದ ಬೆರಳೆಣಿಕೆಯ ಸದಸ್ಯರು 1849ರಲ್ಲಿ ಗುಲಾಮಗಿರಿಯ ಕಡು ವಿರೋಧಿಯಾದ ಸಾಮನ್ ಚೇಸ್ ಅವರನ್ನು ಸೆನೆಟ್ಟಿಗೆ ಕಳಿಸುವುದರಲ್ಲಿ ಯಶಸ್ವಿಯಾದರು.

1854ರಲ್ಲಿ ಕ್ಯಾನ್ಸಸ್, ನೆಬ್ರಾಸ್ಕ ಪ್ರದೇಶಗಳಿಗೂ ಗುಲಾಮಗಿರಿಗೆ ದಾರಿ ತೆರೆಯುವ ಕಾನೂನು ಬಂದಾಗ ಮೌನದ ಕಟ್ಟೆ ಒಡೆಯಿತು. ವಿಗ್ ಪಕ್ಷ ಸಿಡಿದು ಚೂರಾಯಿತು. ಫ್ರೀ ಸಾಯಿಲ್ ಪಕ್ಷದವರೂ, ಮನನೊಂದ ವಿಗ್ ಮತ್ತು ಡೆಮಾಕ್ರಟರೂ ಕೂಡಿ ಕಟ್ಟಿದ ಹೊಸ ಪಕ್ಷವೇ ರಿಪಬ್ಲಿಕನ್ ಪಕ್ಷ. 1856ರಲ್ಲಿ ಅದು ಶೇಕಡಾ 33ರಷ್ಟು ಮತ ಪಡೆಯಿತು. 1860ರಲ್ಲಿ ನಾಲ್ವರ ನಡುವಿನ ಸ್ಪರ್ಧೆಯಲ್ಲಿ ಶೇಕಡಾ 40ಕ್ಕಿಂತ ತುಸು ಕಡಿಮೆ ಮತಗಳಿಂದ ಅದರ ಅಭ್ಯರ್ಥಿ ಅಬ್ರಹಾಂ ಲಿಂಕನ್ ಗೆದ್ದರು. ಆಮೇಲಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಜನ ಮಡಿದರು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ಅಳಿಸಿತು.

ಇದೆಲ್ಲ ಒಂದು ಪುಟ್ಟ ಪಕ್ಷದಿಂದಲೇ ಆಯಿತೆಂದರೆ ಅತಿಶಯೋಕ್ತಿ. ಸಂಕೋಲೆ ಹರಿದು ಓಡಿಬಂದು ತಮ್ಮ ಕಥೆಯನ್ನು ಲೋಕಕ್ಕೆ ಹೇಳಿದ ಕರಿಯ ಜನರು, ಊರೂರು ಸುತ್ತಿದ ಸುಧಾರಕರು, ರಣರಂಗದಲ್ಲಿ ಸತ್ತ ಸೈನಿಕರು, ಎಲ್ಲರ ಪಾಲೂ ಇದರಲ್ಲಿದೆ. ಆದರೆ ಎರಡೂ ದೊಡ್ಡ ಪಕ್ಷಗಳು ಮುಚ್ಚಿಟ್ಟ ಪ್ರಶ್ನೆಯನ್ನು ಮತಪತ್ರದ ಮೇಲೆ ಮೊದಲು ಬರೆದವರು ಆ ಏಳು ಸಾವಿರ ಜನ. ಅವರ ಮತದಿಂದ ತಿದ್ದುಪಡಿಯವರೆಗೆ ಇಪ್ಪತ್ತೈದು ವರ್ಷ, ಒಂದು ತಲೆಮಾರು.

ಸೋತವರ ಗೆಲುವುಗಳು

ರೈತಾಪಿ ಮನೆತನಗಳ ನಮ್ಮ ವಾಚಕರಿಗೆ ಮನಮುಟ್ಟುವ ಇನ್ನೊಂದು ಪ್ರಸಂಗವಿದೆ. 1890ರ ಸುಮಾರಿಗೆ ಅಮೆರಿಕದ ರೈತರು ಬೆಳೆಯ ಬೆಲೆ ಕುಸಿದು, ಸಾಲ ಏರಿ, ರೈಲ್ವೆ ಕಂಪನಿಗಳ ಸಾಗಣೆ ದರಗಳಿಂದ ಕಂಗೆಟ್ಟಿದ್ದರು. ದೊಡ್ಡ ಪಕ್ಷಗಳು ಕಿವಿಗೊಡಲಿಲ್ಲ. ಅವರು ಪೀಪಲ್ಸ್ ಪಕ್ಷವನ್ನು ಕಟ್ಟಿ, 1892ರ ಜುಲೈಯಲ್ಲಿ ಒಮಾಹಾ ನಗರದಲ್ಲಿ ಸೇರಿ ತಮ್ಮ ಬೇಡಿಕೆಗಳನ್ನು ಸಾರಿದರು. ಹೆಚ್ಚು ಆದಾಯವಿದ್ದವರಿಗೆ ಹೆಚ್ಚು ತೆರಿಗೆ, ಸೆನೆಟ್ ಸದಸ್ಯರನ್ನು ಜನರೇ ನೇರವಾಗಿ ಆರಿಸುವುದು, ಗುಪ್ತ ಮತದಾನ ಇವು ಅವುಗಳಲ್ಲಿ ಕೆಲವು. ಅವರ ಅಭ್ಯರ್ಥಿ ಜೇಮ್ಸ್ ವೀವರ್ ಹತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದೂ ಸೋತರು. 1896ರಲ್ಲಿ ಆ ಪಕ್ಷ ಡೆಮಾಕ್ರಟರ ಅಭ್ಯರ್ಥಿಯನ್ನೇ ಬೆಂಬಲಿಸಿ, ಕ್ರಮೇಣ ಕಣ್ಮರೆಯಾಯಿತು. ಆದರೆ 1913ರಲ್ಲಿ ಬಂದ 16 ಮತ್ತು 17ನೆಯ ತಿದ್ದುಪಡಿಗಳು ಆದಾಯ ತೆರಿಗೆಯನ್ನೂ, ಸೆನೆಟ್ಟಿನ ನೇರ ಚುನಾವಣೆಯನ್ನೂ ಜಾರಿಗೆ ತಂದವು. ಪಕ್ಷ ಸತ್ತಿತು, ಬೇಡಿಕೆ ಬದುಕಿತು. ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರ್ ಇಂಥ ಪಕ್ಷಗಳನ್ನು ಕುಟುಕಿದ ಮೇಲೆ ಸಾಯುವ ಜೇನುನೊಣಕ್ಕೆ ಹೋಲಿಸಿದ್ದುಂಟು.

ಸೋಷಲಿಸ್ಟ್ ಪಕ್ಷದ ಯೂಜಿನ್ ಡೆಬ್ಸ್ 1912ರಲ್ಲಿ ಶೇಕಡಾ 6ರಷ್ಟು ಮತ ಪಡೆದರು. ಯುದ್ಧವನ್ನು ವಿರೋಧಿಸಿ ಮಾಡಿದ ಭಾಷಣಕ್ಕಾಗಿ ಸೆರೆಮನೆ ಸೇರಿದ ಅವರಿಗೆ, 1920ರಲ್ಲಿ ಆ ಸೆರೆಮನೆಯಲ್ಲಿದ್ದಾಗಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಮತ ನೀಡಿದರು. ವೃದ್ಧರಿಗೆ ವೇತನ, ನಿರುದ್ಯೋಗಿಗಳಿಗೆ ವಿಮೆ, ಬಾಲಕಾರ್ಮಿಕ ಪದ್ಧತಿಯ ನಿಷೇಧ ಈ ಪಕ್ಷದ ಬೇಡಿಕೆಗಳಾಗಿದ್ದವು. 1935 ಮತ್ತು 1938ರ ಕಾನೂನುಗಳಲ್ಲಿ ಅವು ಬಹುಮಟ್ಟಿಗೆ ಈಡೇರಿದವು, ಮಾಡಿದವರು ಡೆಮಾಕ್ರಟರು.

ದೆಹಲಿಯಷ್ಟೇ ದೂರದ ವಾಷಿಂಗ್ಟನ್ನಿನ ಮಾತನ್ನು ಬಿಟ್ಟು ಊರಿನ ಮಟ್ಟಕ್ಕೆ ಬಂದರೆ ಮೂರನೆಯ ಪಕ್ಷ ಗೆದ್ದು ಆಳಿದ ಉದಾಹರಣೆಗಳೂ ಇವೆ. ಮಿಲ್ವಾಕೀ ನಗರದಲ್ಲಿ ಇದೇ ಸೋಷಲಿಸ್ಟ್ ಪಕ್ಷದ ಮೂವರು ಮೇಯರುಗಳಾದರು. ಅವರಲ್ಲಿ ಡೇನಿಯಲ್ ಹೋನ್ ಎಂಬವರು 1916ರಿಂದ 1940ರವರೆಗೆ ಆ ಪದವಿಯಲ್ಲಿದ್ದರು. ಅವರು ದೊಡ್ಡ ಕ್ರಾಂತಿಯನ್ನೇನೂ ಮಾಡಲಿಲ್ಲ. ಚರಂಡಿ, ಕುಡಿಯುವ ನೀರು, ಉದ್ಯಾನ, ಸಾರ್ವಜನಿಕ ಆರೋಗ್ಯ ಇವನ್ನು ಪ್ರಾಮಾಣಿಕವಾಗಿ ನೋಡಿಕೊಂಡರು. ಚರಂಡಿಯ ಸಮಾಜವಾದಿಗಳೆಂದು ಹೀಗಳೆದವರಿದ್ದರೂ ನಗರದ ಜನ ಅವರನ್ನು ಮತ್ತೆ ಮತ್ತೆ ಆರಿಸಿದರು.

ನಾಣ್ಯದ ಇನ್ನೊಂದು ಮುಖ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ವಾಚಕರಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಮೂರನೆಯ ಪಕ್ಷದಿಂದ ಹಾನಿಯೂ ಆಗಿದೆ. ಕೆಲವೊಮ್ಮೆ ತಾನು ಹಿಡಿದ ಉದ್ದೇಶಕ್ಕೇ ಹಾನಿ. ನಾವು ಮೇಲೆ ಹೊಗಳಿದ ಲಿಬರ್ಟಿ ಪಕ್ಷವನ್ನೇ ನೋಡಿರಿ. 1844ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಅದಕ್ಕೆ 15,000ಕ್ಕೂ ಹೆಚ್ಚು ಮತ ಬಂದವು. ಅಲ್ಲಿ ಡೆಮಾಕ್ರಟರ ಜೇಮ್ಸ್ ಪೋಕ್ ಅವರು ವಿಗ್ ಪಕ್ಷದ ಹೆನ್ರಿ ಕ್ಲೇ ಅವರನ್ನು ಸೋಲಿಸಿದ್ದು ಸುಮಾರು 5,000 ಮತಗಳಿಂದ. ಆ ಒಂದು ರಾಜ್ಯದ ಗೆಲುವೇ ಪೋಕ್ ಅವರನ್ನು ಅಧ್ಯಕ್ಷರನ್ನಾಗಿಸಿತು. ಅವರು ಟೆಕ್ಸಸನ್ನು ಸೇರಿಸಿಕೊಳ್ಳಬೇಕೆಂದು ವಾದಿಸಿ ಗೆದ್ದವರು; ಅದರಿಂದ ಗುಲಾಮಗಿರಿಯ ಸೀಮೆ ಹಿಗ್ಗಿತು. ಗುಲಾಮಗಿರಿಯನ್ನು ಅಳಿಸಹೊರಟವರ ಮತದಿಂದಲೇ ಹೀಗಾಯಿತೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕ್ಲೇ ಅವರೂ ಗುಲಾಮರನ್ನು ಇಟ್ಟುಕೊಂಡವರೇ ಎಂಬುದು ಆ ಪಕ್ಷದವರ ಸಮಾಧಾನವಾಗಿತ್ತು.

2000ದ ಚುನಾವಣೆ ಇನ್ನೂ ಹಲವರ ನೆನಪಿನಲ್ಲಿರಬಹುದು. ಫ್ಲಾರಿಡಾ ರಾಜ್ಯದಲ್ಲಿ ಜಾರ್ಜ್ ಬುಷ್ ಅವರು ಆಲ್ ಗೋರ್ ಅವರನ್ನು 537 ಮತಗಳಿಂದ ಸೋಲಿಸಿ ಅಧ್ಯಕ್ಷರಾದರು. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಬಂದ ಮತಗಳು 97,488. ಪರಿಸರದ ರಕ್ಷಣೆಗಾಗಿ ನಿಂತವರು, ಆ ವಿಷಯದಲ್ಲಿ ತಮಗೆ ಹೆಚ್ಚು ಹತ್ತಿರದವರನ್ನೇ ಸೋಲಿಸಿದರೆಂಬ ಮಾತು ಇಂದಿಗೂ ನಿಂತಿಲ್ಲ. ನೇಡರ್ ಇಲ್ಲದಿದ್ದರೆ ಅವರಲ್ಲಿ ಅನೇಕರು ಮತಗಟ್ಟೆಗೇ ಬರುತ್ತಿರಲಿಲ್ಲವೆಂಬ ಪ್ರತಿವಾದವೂ ಇದೆ.

ಮೂರನೆಯದೆಂದ ಮಾತ್ರಕ್ಕೆ ಒಳ್ಳೆಯದೆಂದೂ ತಿಳಿಯಬಾರದು. 1968ರಲ್ಲಿ ಐದು ರಾಜ್ಯಗಳನ್ನು ಗೆದ್ದು ಶೇಕಡಾ 13.5ರಷ್ಟು ಮತ ಪಡೆದ ಜಾರ್ಜ್ ವ್ಯಾಲೇಸ್ ಅವರು ಕರಿಯರನ್ನು ಪ್ರತ್ಯೇಕವಾಗಿಡುವ ಪದ್ಧತಿಯ ಸಮರ್ಥಕರೆಂದೇ ಹೆಸರಾಗಿದ್ದರು. ಮುಚ್ಚಿದ ಬಾಗಿಲನ್ನು ತೆರೆದಾಗ ಗಾಳಿಯೂ ಬರುತ್ತದೆ, ಧೂಳೂ ಬರುತ್ತದೆ.

ದೋಷ ಮತದಾರನದೋ, ಎಣಿಕೆಯದೋ?

ಹಾಗಾದರೆ ಮತದಾರನು ಮಾಡಬೇಕಾದುದೇನು? ಮನಸ್ಸಾಕ್ಷಿಗೆ ಒಪ್ಪಿದವರಿಗೆ ಮತ ಕೊಟ್ಟರೆ ಒಪ್ಪದವರು ಗೆಲ್ಲಬಹುದು. ಹಾಗೆಂದು ಹೆದರಿ ಮತ ಕೊಟ್ಟರೆ ಮನಸ್ಸಾಕ್ಷಿ ಒಪ್ಪದು. ಈ ಇಕ್ಕಟ್ಟನ್ನು ತಂದಿಟ್ಟದ್ದು ಎಣಿಕೆಯ ಕ್ರಮವೇ ಹೊರತು ಮತದಾರನ ಅವಿವೇಕವಲ್ಲ ಎಂಬುದು ನಮ್ಮ ಅಭಿಪ್ರಾಯ. ಎಣಿಕೆಯನ್ನು ತಿದ್ದಲು ಬರುತ್ತದೆ.

ಇದರ ಉಪಾಯ ನಮಗೆ ಹೊಸದಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ನೀಡಿದವರು, ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆದುದನ್ನು ನೆನಪಿಸಿಕೊಳ್ಳಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಎಲ್ಲರಿಗಿಂತ ಹಿಂದೆ ಬಿದ್ದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿಯ ಎರಡನೆಯ ಪ್ರಾಶಸ್ತ್ಯವನ್ನು ಎಣಿಸುತ್ತಾರೆ. ನಮ್ಮ ರಾಷ್ಟ್ರಪತಿಗಳ ಆಯ್ಕೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. 1969ರಲ್ಲಿ ವಿ.ವಿ. ಗಿರಿಯವರು ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದ್ದು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆಯೇ. ಈ ಕ್ರಮದಲ್ಲಿ ಮೂರನೆಯವರಿಗೆ ಮೊದಲ ಅಂಕಿ ಕೊಟ್ಟವರ ಮತ ನೀರುಪಾಲಾಗುವುದಿಲ್ಲ; ಅವರು ಸೋತರೆ ಮತ ಎರಡನೆಯ ಆಯ್ಕೆಗೆ ಸಲ್ಲುತ್ತದೆ.

ಆಸ್ಟ್ರೇಲಿಯವು ತನ್ನ ಪ್ರತಿನಿಧಿ ಸಭೆಗೆ 1918ರ ಕಾನೂನಿನಿಂದಲೇ ಈ ಕ್ರಮವನ್ನು ತಂದಿತು. ಅಮೆರಿಕದ ಮೇನ್ ರಾಜ್ಯದಲ್ಲಿ 2010ರಲ್ಲಿ ರಾಜ್ಯಪಾಲರೊಬ್ಬರು ಸುಮಾರು ಶೇಕಡಾ 38ರಷ್ಟು ಮತಗಳಿಂದ ಗೆದ್ದುದು ಜನರಿಗೆ ಚುಚ್ಚಿತು. 2016ರಲ್ಲಿ ಅಲ್ಲಿಯ ಮತದಾರರು ಪ್ರಾಶಸ್ತ್ಯದ ಮತದಾನಕ್ಕೆ ಒಪ್ಪಿಗೆಯಿತ್ತರು. 2018ರಲ್ಲಿ ಅಲ್ಲಿಯ ಎರಡನೆಯ ಸಂಸತ್ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ಹಿಂದಿದ್ದ ಜಾರೆಡ್ ಗೋಲ್ಡನ್, ಪಕ್ಷೇತರರಿಬ್ಬರ ಮತಗಳ ಮುಂದಿನ ಪ್ರಾಶಸ್ತ್ಯವನ್ನು ಎಣಿಸಿದಾಗ ಗೆದ್ದರು. ಅಲಾಸ್ಕಾ ರಾಜ್ಯವೂ 2020ರಲ್ಲಿ ಇದನ್ನು ಒಪ್ಪಿ 2022ರಲ್ಲಿ ಬಳಸಿತು. 2024ರಲ್ಲಿ ಇದನ್ನು ತೆಗೆದುಹಾಕುವ ಪ್ರಯತ್ನ ತೀರ ಅಲ್ಪ ಅಂತರದಿಂದ ಬಿದ್ದುಹೋಯಿತು.

ನ್ಯೂಜಿಲೆಂಡ್ ಇನ್ನೂ ಮುಂದೆ ಹೋಯಿತು. ಅಲ್ಲಿ 1981ರಲ್ಲಿ ಸೋಷಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮತ ಬಂದರೂ 92 ಸ್ಥಾನಗಳಲ್ಲಿ ದೊರೆತವು ಎರಡೇ. 1993ರ ಜನಮತಗಣನೆಯಲ್ಲಿ ಅಲ್ಲಿಯ ಜನ ಪಕ್ಷಕ್ಕೆ ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯನ್ನು ಆರಿಸಿಕೊಂಡರು. 1996ರಿಂದ ಅದೇ ನಡೆದಿದೆ.

ಎಣಿಕೆಯೊಂದೇ ಅಡ್ಡಿಯಲ್ಲ. ಮತಪತ್ರದ ಮೇಲೆ ಹೆಸರು ಬರಬೇಕಾದರೆ ಅಮೆರಿಕದ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು, ಸಾವಿರಾರು ಸಹಿಗಳು. 1992ರಲ್ಲಿ ಉದ್ಯಮಿ ರಾಸ್ ಪೆರೋ ಅವರನ್ನು ದೂರದರ್ಶನದ ಚರ್ಚೆಗಳಿಗೆ ಸೇರಿಸಿಕೊಂಡರು. ದೇಶದ ಆಯವ್ಯಯದ ಕೊರತೆಯನ್ನು ಮನೆಮನೆಯ ಮಾತಾಗಿಸಿದ ಅವರಿಗೆ ಶೇಕಡಾ 19ರಷ್ಟು, ಎಂದರೆ ಸುಮಾರು 1.97 ಕೋಟಿ ಮತ ಬಂದವು. ಆದರೆ ಒಂದು ರಾಜ್ಯವೂ ದಕ್ಕಲಿಲ್ಲ. 1996ರಲ್ಲಿ ಅವರನ್ನು ಚರ್ಚೆಗೆ ಕರೆಯಲಿಲ್ಲ. 2000ದಿಂದ 2020ರವರೆಗಿನ ಚರ್ಚೆಗಳಲ್ಲಿ ಶೇಕಡಾ 15ರಷ್ಟು ಬೆಂಬಲ ಸಮೀಕ್ಷೆಗಳಲ್ಲಿ ಕಾಣದವರಿಗೆ ಪ್ರವೇಶವಿಲ್ಲವೆಂಬ ನಿಯಮವಿತ್ತು. ಜನರಿಗೆ ಪರಿಚಯವಾಗದೆ ಬೆಂಬಲ ಬಾರದು. ಬೆಂಬಲ ಬಾರದೆ ಪರಿಚಯಕ್ಕೆ ಅವಕಾಶವಿಲ್ಲ.

ನಮ್ಮ ಉತ್ತರ

ಇಷ್ಟು ವಿಚಾರಿಸಿದ ಮೇಲೆ ನಮಗೆ ತೋರುವುದಿಷ್ಟು. ಎರಡು ಪಕ್ಷಗಳ ಪ್ರಜಾಪ್ರಭುತ್ವಕ್ಕೆ ಮೂರನೆಯ ಪಕ್ಷ ಬೇಕು. ಅದು ಗದ್ದುಗೆಯನ್ನೇ ಏರಬೇಕೆಂದಿಲ್ಲ. ದೊಡ್ಡವರಿಬ್ಬರೂ ಮುಚ್ಚಿಟ್ಟ ಮಾತನ್ನು ಗಟ್ಟಿಯಾಗಿ ಆಡುವಷ್ಟು, ಆಡಿದಾಗ ಅವರು ತಿರುಗಿ ನೋಡುವಷ್ಟು ಬಲ ಅದಕ್ಕಿರಬೇಕು. ಆ ಬಲ ಬರಬೇಕಾದರೆ ಅದಕ್ಕೆ ಮತಪತ್ರದ ಮೇಲೆ ಹೆಸರು, ಚರ್ಚೆಯಲ್ಲಿ ಸ್ಥಳ, ನ್ಯಾಯವಾದ ಎಣಿಕೆ ಬೇಕು. ಅದೂ ಮಿಲ್ವಾಕೀಯವರಂತೆ ಊರಿನ ಕೆಲಸದಿಂದ ಬೆಳೆದುಬರಬೇಕು; ನಾಲ್ಕು ವರ್ಷಕ್ಕೊಮ್ಮೆ ಜಾತ್ರೆಯ ಅಂಗಡಿಯಂತೆ ತೆರೆದು ಮುಚ್ಚಿದರೆ ಸಾಲದು.

ನಮ್ಮ ತರುಣನಿಗೆ ಮುಂದೆ ಕಾಗದದಲ್ಲಿ ಹೀಗೆ ಬರೆದೆವು: “ಅಪ್ಪಾ, ನೀನು ಮಾಡಿದ್ದು ತಪ್ಪಲ್ಲ. ಆದರೆ ಮುಂದಿನ ಸಲ ಮೂರು ಮಾತು ಕೇಳಿಕೊ. ಈ ಪಕ್ಷ ಉಳಿದಿಬ್ಬರೂ ಆಡದ ನಿಜವಾದ ಮಾತನ್ನು ಆಡುತ್ತಿದೆಯೆ? ಚುನಾವಣೆ ಮುಗಿದ ಮೇಲೂ ನಿನ್ನ ಊರಿನಲ್ಲಿ ಕೆಲಸ ಮಾಡುತ್ತಿದೆಯೆ? ನಿನ್ನ ರಾಜ್ಯದಲ್ಲಿ ಪೈಪೋಟಿ ಕೂದಲೆಳೆಯಷ್ಟಿದ್ದರೆ, ಬರುವ ಫಲವನ್ನು ಹೊರಲು ನೀನು ಸಿದ್ಧನೆ? ಮೂರಕ್ಕೂ ಹೌದೆನ್ನುವುದಾದರೆ ನಗುವವರು ನಗಲಿ. ಇಲ್ಲವಾದರೆ ಇದ್ದವರಿಬ್ಬರಲ್ಲಿ ಕಡಿಮೆ ಕೆಡುಕಿನವರನ್ನು ಆರಿಸಿ, ಉಳಿದ ದಿನಗಳಲ್ಲಿ ಆ ಎಣಿಕೆಯ ಕ್ರಮವನ್ನು ತಿದ್ದಲು ದುಡಿ.”

ಆತನ ಉತ್ತರ ಬೇಗ ಬಂದಿತು. ತನ್ನ ಊರಿನ ಶಾಲಾ ಮಂಡಳಿಯ ಚುನಾವಣೆಯಲ್ಲಿ ನಿಂತ ಪಕ್ಷೇತರರೊಬ್ಬರ ಪರವಾಗಿ ಶನಿವಾರಗಳಂದು ಮನೆಮನೆಗೆ ಹೋಗುತ್ತಿರುವುದಾಗಿ ಬರೆದಿದ್ದನು. ಕೊನೆಯಲ್ಲಿ ಒಂದೇ ಸಾಲು: “ಈ ಸಲ ಹುಣಸಿಹಣ್ಣು ಹೊಳಿಯಾಗಲ್ಲ ಕಾಕಾ, ಸಾರಿನಾಗ ಕಿವುಚಾಕತ್ತೀನಿ.”

ಓದಿ ಮನೆಮಂದಿಯೆಲ್ಲ ನಕ್ಕರು. ನಮಗೆ ಆ ಏಳು ಸಾವಿರ ಜನರ ನೆನಪಾಯಿತು.